ಆಲಮ್ ರಾಕ್‌ನಲ್ಲಿ ಡಬ್ಬಿ ಹುಡುಕೋದು ಹೇಗೆ?

ಊರಿನಿಂದ ಅಪ್ಪ-ಅಮ್ಮ ಬಂದು ಮೂರು ವಾರ ಆಗುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗೋಲ್ಡನ್ ಗೇಟ್ ಆಯಿತು, ದೇವಸ್ಥಾನ ಆಯಿತು, ಇನ್ನೆಲ್ಲಿಗೆ? ನನ್ನ ಉತ್ತರ ಆಲಮ್ ರಾಕ್ ಪಾರ್ಕ್. ಪೇಟೆಯ ಪೂರ್ವಕ್ಕೆ, ಡಯಾಬ್ಲೊ ಬೆಟ್ಟಸಾಲಿನ ಬುಡದಲ್ಲಿ ಸುಮಾರು 720 ಎಕರೆಯ ಕಣಿವೆ. 1890ರಿಂದ 1932ರವರೆಗೆ ಇದು ಹೆಸರುವಾಸಿ ಹೆಲ್ತ್ ಸ್ಪಾ. ಇಪ್ಪತ್ತಕ್ಕೂ ಹೆಚ್ಚು ಖನಿಜ ನೀರಿನ ಬುಗ್ಗೆಗಳು, ಮಾಡಿನಡಿಯ ಈಜುಕೊಳ, ಟೀ ಗಾರ್ಡನ್, ಡ್ಯಾನ್ಸ್ ಹಾಲ್ ಎಲ್ಲ ಇದ್ದವು. ಪೇಟೆಯಿಂದ ಜನ ರೈಲಿನಲ್ಲಿ ಬರುತ್ತಿದ್ದರು. ಈಗ ಈಜುಕೊಳವೂ ಇಲ್ಲ, ರೈಲೂ ಇಲ್ಲ. ಬುಗ್ಗೆಗಳು, ಅವುಗಳ ಸುತ್ತ ಕಟ್ಟಿದ ಕಲ್ಲಿನ ಗೂಡುಗಳು, ಹಳೇ ಸೇತುವೆಗಳು ಉಳಿದಿವೆ. ಜಿಯೋಕ್ಯಾಶಿಂಗ್ ಎಂಬ ಡಬ್ಬಿ ಹುಡುಕುವ ಆಟಕ್ಕೆ ಹೇಳಿ ಮಾಡಿಸಿದ ಜಾಗ.

ಆಟ ಇಷ್ಟೇ: ಯಾರೋ ಒಂದು ಡಬ್ಬಿ ಅಡಗಿಸಿ, ಅದರ ಅಕ್ಷಾಂಶ-ರೇಖಾಂಶವನ್ನು ಎಲ್ಲರಿಗೂ ಹೇಳಿಬಿಡುತ್ತಾರೆ. ನೀವು ಜಿಪಿಎಸ್ ಹಿಡಿದು ಹುಡುಕಬೇಕು. ಮೊದಲು ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ ಅನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅದು ನಿಂತಿತು. ಒಂದೆರಡು ದಿನದಲ್ಲೇ ಡೇವ್ ಅಲ್ಮರ್ ಎಂಬಾತ ಆರೆಗಾನ್‌ನ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಬಂದ. ಅದರೊಳಗೆ ಬೀನ್ಸ್ ಡಬ್ಬಿಯೂ ಇತ್ತಂತೆ!

ಮನೆಯಲ್ಲೇ ಮುಗಿಸುವ ಕೆಲಸ

ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಉಚಿತ ಖಾತೆ ತೆರೆಯಿರಿ. ಪಾರ್ಕ್ ಒಳಗೆ, ಅದರ ಸುತ್ತಮುತ್ತ ಏನೇನಿದೆ ಎಂದು ನಕ್ಷೆ ನೋಡಿ. ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ, 1ರಿಂದ 5ರವರೆಗೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ದಾರಿಯ ಕಷ್ಟಕ್ಕೆ. ಮೊದಲ ಸಲ ಎರಡೂ 2ರ ಒಳಗಿರಲಿ. ಗಾತ್ರದಲ್ಲಿ 'ಮೈಕ್ರೊ' ಅಂತ ಇದ್ದರೆ ಬಿಟ್ಟುಬಿಡಿ. ಹಳೇ ಫಿಲ್ಮ್ ರೋಲ್ ಡಬ್ಬಿಯಷ್ಟು ಅಥವಾ ಅದಕ್ಕಿಂತ ಚಿಕ್ಕದು, ಮಕ್ಕಳಿಗೆ ಬೇಜಾರಾಗುತ್ತದೆ. ಹಿಂದೆ ಹೋದವರು ಬರೆದ ಟಿಪ್ಪಣಿಗಳನ್ನೂ ಓದಿ. ಕೊನೆಯ ನಾಲ್ಕೈದು ಜನಕ್ಕೂ ಸಿಕ್ಕಿಲ್ಲ ಅಂದ್ರೆ ಡಬ್ಬಿ ಅಲ್ಲಿ ಇಲ್ಲದೇ ಇರಬಹುದು.

ನಕ್ಷೆಯನ್ನು ಫೋನಿಗೆ ಇಳಿಸಿಕೊಂಡೇ ಹೊರಡಿ, ಕಣಿವೆಯಲ್ಲಿ ಸಿಗ್ನಲ್ ಕೈಕೊಡಬಹುದು. ಪೆನ್ನು ಮರೆಯಬೇಡಿ. ಡಬ್ಬಿಯೊಳಗಿನ ಪೆನ್ಸಿಲ್‌ಗೆ ಮೊನೆ ಇರುವುದು ಅಪರೂಪ.

ಕೊನೆಯ ಹತ್ತು ಮೀಟರ್

ಹೊಸಬರು ಸೋಲುವುದು ಇಲ್ಲೇ. ಆ್ಯಪ್ ಕೊಡುವ ಅಕ್ಷಾಂಶ-ರೇಖಾಂಶದಲ್ಲಿ ನಿಮಿಷದ (ಡಿಗ್ರಿಯ ಅರವತ್ತನೇ ಒಂದು ಪಾಲು) ಭಾಗಕ್ಕೆ ಮೂರು ದಶಮಾಂಶ ಇರುತ್ತದೆ. ಅದರ ಕೊನೆಯ ಅಂಕಿ ಒಂದು ಬದಲಾದರೆ ಉತ್ತರ-ದಕ್ಷಿಣವಾಗಿ ಸುಮಾರು 1.8 ಮೀಟರ್ ಅತ್ತಿತ್ತ. ಲೆಕ್ಕ ಅಷ್ಟು ನಿಖರ, ಆದರೆ ಫೋನ್ ಅಷ್ಟು ನಿಖರವಲ್ಲ. ಬಯಲಲ್ಲೇ ನಾಲ್ಕೈದು ಮೀಟರ್ ತಪ್ಪಬಹುದು. ಇಲ್ಲಿ ಎರಡೂ ಕಡೆ ಗುಡ್ಡ. ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತದೆ, ತಪ್ಪು ಜಾಸ್ತಿಯಾಗುತ್ತದೆ. ಅಡಗಿಸಿದವರ ಫೋನಿಗೂ ಇದೇ ಗತಿ, ಅಲ್ವಾ? ಹಾಗಾಗಿ ಹತ್ತು ಮೀಟರ್ ಹತ್ತಿರ ಬಂದ ಮೇಲೆ ಆ್ಯಪ್ ತೋರಿಸುವ ಬಾಣದ ಹಿಂದೆ ಗಿರಕಿ ಹೊಡೆಯಬೇಡಿ. ಫೋನ್ ಜೇಬಿಗಿಟ್ಟು, 'ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ' ಎಂದು ನೋಡಿ. ಮರದ ಪೊಟರೆ, ಬೇರಿನ ಸಂದು, ಸುಮ್ನೆ ಬಿದ್ದ ಹಾಗೆ ಕಾಣದೆ ಯಾರೋ ಜೋಡಿಸಿಟ್ಟಂತಿರುವ ಕಡ್ಡಿಗಳು.

ಕಲ್ಲಿನ ಗೂಡುಗಳ ತಂಟೆಗೆ ಮಾತ್ರ ಹೋಗಬೇಡಿ. ಡಬ್ಬಿಯನ್ನು ಹೂಳಬಾರದು ಎಂಬುದು ಆಟದ ನಿಯಮ. ಗೋಡೆಯ ಕಲ್ಲು ಕಿತ್ತು ನೋಡಬೇಕು ಅನ್ನಿಸಿದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದೇ ಅರ್ಥ. ಸಂದಿಗೆ ಬರಿಗೈ ಹಾಕಬೇಡಿ, ಮೊದಲು ಕೋಲು. ಇದು ರ್‍ಯಾಟಲ್ ಸ್ನೇಕ್ ಎಂಬ ವಿಷದ ಹಾವು ಇರುವ ಬೆಟ್ಟ. ಮೂರು ಮೂರು ಎಲೆಯ ಗೊಂಚಲಿರುವ ಪಾಯ್ಸನ್ ಓಕ್ ಗಿಡ ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಡಬ್ಬಿಯೇ ಇಲ್ಲದ ಬೇಟೆ

ನನಗೆ ಹೆಚ್ಚು ಇಷ್ಟವಾಗುವುದು ಅರ್ತ್‌ಕ್ಯಾಶ್. ಇದರಲ್ಲಿ ಡಬ್ಬಿ ಇರುವುದಿಲ್ಲ. ನೆಲ, ನೀರು, ಕಲ್ಲನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ನಕ್ಷೆಯಲ್ಲಿ ಈ ಬಗೆಯದು ಹತ್ತಿರದಲ್ಲಿದ್ದರೆ ಬಿಡಬೇಡಿ. ಇಲ್ಲದಿದ್ದರೂ ಪೆನಿಟೆನ್ಸಿಯಾ ತೊರೆಯ ಪಕ್ಕದ ಬುಗ್ಗೆಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲು ಮೂಗಿಗೆ ಗೊತ್ತಾಗುತ್ತದೆ: ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ನೀರು ಜಿನುಗುವ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಕಬ್ಬಿಣ ಇರುವ ಕಡೆ ತುಕ್ಕಿನ ಬಣ್ಣ. ಮಳೆನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಬಂಡೆಯ ಖನಿಜ ಕರಗಿಸಿಕೊಂಡು ಮೇಲೆ ಬರುತ್ತದೆ. ಗಾಳಿಗೆ ಬಂದೊಡನೆ ಅನಿಲ ಹಾರಿಹೋಗಿ, ಖನಿಜ ಅಂಚಿನಲ್ಲೇ ಕೂರುತ್ತದೆ. ಆ ಕಾಲದವರು ರೋಗ ವಾಸಿಯಾಗಲಿ ಎಂದು ಈ ನೀರು ಕುಡಿದರು. ನೀವು ಕುಡಿಯಬೇಡಿ.

ಇಲ್ಲಿನ ಇನ್ನೊಂದು ಕಥೆ ಹೇಳಲೇಬೇಕು. ಒಂದು ದೊಡ್ಡ ಕಪ್ಪು ಬಂಡೆಯನ್ನು ಉಲ್ಕೆ ಎಂದು ತೋರಿಸುತ್ತಿದ್ದರಂತೆ. ನೋಡಿದರೆ ಅದು ಮ್ಯಾಂಗನೀಸ್ ಅದಿರು. ಮೊದಲ ಮಹಾಯುದ್ಧದ ಕಾಲದಲ್ಲಿ ಒಡೆದು ಸಾಗಿಸಿಬಿಟ್ಟರು!

ಸಿಕ್ಕ ಮೇಲೆ

ಕಿರುಚಬೇಡಿ. ಆಟ ಗೊತ್ತಿಲ್ಲದ ದಾರಿಹೋಕರು ನೋಡಿದರೆ ಡಬ್ಬಿ ಮಾಯವಾಗಬಹುದು. ಅವರು ದಾಟುವವರೆಗೆ ಶೂ ಲೇಸ್ ಕಟ್ಟುತ್ತಾ ಕೂರಿ. ಆಮೇಲೆ ಒಳಗಿನ ಪುಸ್ತಕದಲ್ಲಿ ಆ್ಯಪ್‌ನಲ್ಲಿ ನೀವು ಇಟ್ಟುಕೊಂಡ ಹೆಸರು, ತಾರೀಖು ಬರೆಯಿರಿ. ಸಣ್ಣ ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಿ. ಚನ್ನಪಟ್ಟಣದ ಪುಟ್ಟ ಬುಗುರಿ ಆಗಬಹುದು, ಚಾಕೊಲೇಟ್ ಬೇಡ, ಪ್ರಾಣಿಗಳು ಮೂಸಿ ಹಾಳುಮಾಡುತ್ತವೆ. ನಂಬರ್ ಇರುವ ಲೋಹದ ಬಿಲ್ಲೆ ಸಿಕ್ಕರೆ ಅದು ಇಟ್ಟುಕೊಳ್ಳಲು ಅಲ್ಲ, ಮುಂದಿನ ಡಬ್ಬಿಗೆ ದಾಟಿಸಲು.

ಇದ್ದ ಹಾಗೇ ಮುಚ್ಚಿ, ಇದ್ದ ಜಾಗದಲ್ಲೇ ಇಡಿ. ಇನ್ನೂ ಚೆನ್ನಾಗಿ ಅಡಗಿಸುತ್ತೇನೆ ಎಂಬ ಉತ್ಸಾಹ ಬೇಡ. ಮನೆಗೆ ಬಂದು ಆ್ಯಪ್‌ನಲ್ಲಿ ದಾಖಲಿಸಿ. ಸಿಗದಿದ್ದರೂ 'ಸಿಗಲಿಲ್ಲ' ಎಂದು ಬರೆಯಿರಿ. ಅಡಗಿಸಿದವರು ಬಂದು ಪರೀಕ್ಷಿಸುವುದು ಅದನ್ನು ನೋಡಿಯೇ. ಫೋಟೋ ಹಾಕುವುದಾದರೆ ಡಬ್ಬಿ ಇದ್ದ ಜಾಗ ಅದರಲ್ಲಿ ಕಾಣದಿರಲಿ.