ವನ್ಯಜೀವಿಗಳ ದಾರಿಯನ್ನು ಗುರುತಿಸುವುದು ಹೇಗೆ: ಆವಾಸ ಸಂಪರ್ಕದ ಅಧ್ಯಯನಕ್ಕೊಂದು ಕೈಪಿಡಿ

ಉಪಗ್ರಹ ಚಿತ್ರದಲ್ಲಿ ಎರಡು ಕಾಡುಗಳ ನಡುವೆ ಹಸಿರು ಪಟ್ಟಿಯೊಂದು ಕಂಡರೆ ಅದನ್ನೇ ಕಾರಿಡಾರ್, ಅಂದರೆ ಪ್ರಾಣಿಗಳ ಓಡಾಟದ ದಾರಿ, ಎಂದು ಗುರುತು ಹಾಕಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆ ಹಸಿರು ಪ್ರಾಣಿಗಳು ಕಾಲಿಡದ ಒಂದೇ ಜಾತಿಯ ಮರಗಳ ನೆಡುತೋಪು ಆಗಿರಬಹುದು. ಅದರ ಪಕ್ಕದಲ್ಲಿ ಬೋಳಾಗಿ ಕಾಣುವ ಹಳ್ಳದ ದಂಡೆಯೇ ರಾತ್ರಿಯ ನಿಜವಾದ ದಾರಿಯಾಗಿರಬಹುದು. 1993ರಲ್ಲಿ ಪರಿಸರ ವಿಜ್ಞಾನಿಗಳಾದ ಫಿಲಿಪ್ ಟೇಲರ್, ಲೆನೋರ್ ಫಾರಿಗ್ ಮತ್ತು ಸಂಗಡಿಗರು ಭೂದೃಶ್ಯದ ಸಂಪರ್ಕವನ್ನು ವ್ಯಾಖ್ಯಾನಿಸಿದಾಗ ಹಸಿರಿನ ಪ್ರಮಾಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ಆವಾಸದ ತುಣುಕುಗಳ ನಡುವಿನ ಓಡಾಟಕ್ಕೆ ಒಂದು ಭೂದೃಶ್ಯವು ಎಷ್ಟರಮಟ್ಟಿಗೆ ಅನುವು ಮಾಡಿಕೊಡುತ್ತದೆ ಅಥವಾ ಅಡ್ಡಿಯಾಗುತ್ತದೆ ಎಂಬುದನ್ನೇ ಸಂಪರ್ಕವೆಂದು ಕರೆದರು. ಈ ವ್ಯಾಖ್ಯೆಯನ್ನು ಒಪ್ಪಿಕೊಂಡ ಮೇಲೆ ಅಧ್ಯಯನದ ಮೊದಲ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಯಾವ ಪ್ರಾಣಿಗೆ ಸಂಪರ್ಕ? ಚಿರತೆ ಸಲೀಸಾಗಿ ದಾಟುವ ಹೊಲ ಕಪ್ಪೆಗೆ ಗೋಡೆಯಾಗಬಹುದು.

ಪ್ರಾಣಿಯನ್ನು ಆರಿಸಿದ ಮೇಲೆ ಯಾವ ಓಡಾಟವನ್ನು ಅಧ್ಯಯನ ಮಾಡುತ್ತಿದ್ದೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ದಿನನಿತ್ಯ ಮೇವು ನೀರಿಗೆ ಹೋಗಿಬರುವುದು ಒಂದು, ಋತುಮಾನಕ್ಕೆ ತಕ್ಕಂತೆ ಹಿಂಡು ವಲಸೆ ಹೋಗುವುದು ಇನ್ನೊಂದು, ಬೆಳೆದ ಮರಿ ತಾಯಿಯನ್ನು ಬಿಟ್ಟು ಹೊಸ ನೆಲೆ ಹುಡುಕಿಕೊಂಡು ಹೊರಡುವುದು ಮತ್ತೊಂದು. ಪ್ರಾಣಿಸಂಕುಲಗಳ ಉಳಿವಿನ ದೃಷ್ಟಿಯಿಂದ ಮೂರನೆಯದು ಬಹಳ ಮುಖ್ಯ, ಏಕೆಂದರೆ ವಂಶವಾಹಿಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ತಲುಪುವುದು ಹೆಚ್ಚಾಗಿ ಇಂಥ ಒಂಟಿ ಪಯಣಿಗರ ಮೂಲಕವೇ. ಆ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಪೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಗೇ ಸೇರಿದ, ಅಮೆರಿಕದ ಫ್ಲಾರಿಡಾದ ಪ್ಯಾಂಥರ್‌ಗಳು ಸಾಕ್ಷಿ. ಉಳಿದ ಪೂಮಾಗಳಿಂದ ಬೇರ್ಪಟ್ಟು ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದ ಆ ಗುಂಪಿನಲ್ಲಿ ಒಳಸಂತಾನದಿಂದಾಗಿ (ಹತ್ತಿರದ ಬಂಧುಗಳೊಳಗೇ ಕೂಡಿ ಮರಿಯಾಗುವುದರಿಂದ) ಸೊಟ್ಟ ಬಾಲ, ಹೃದಯದ ದೋಷ, ವೃಷಣಗಳು ಇಳಿಯದಿರುವುದು ಮುಂತಾದ ತೊಂದರೆಗಳು ಕಾಣಿಸಿಕೊಂಡವು. ಕೊನೆಗೆ 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪೂಮಾಗಳನ್ನು ತಂದು ಬಿಡಬೇಕಾಯಿತು. ತೆರೆದ ದಾರಿಯಿದ್ದರೆ ಪ್ರಾಣಿಗಳು ತಾವಾಗಿಯೇ ಮಾಡಿಕೊಳ್ಳುತ್ತಿದ್ದ ಕೆಲಸ ಅದು.

ಮುಂದಿನದು ನಕ್ಷೆಯ ತಯಾರಿ. ಅಧ್ಯಯನದ ಎಲ್ಲೆಯನ್ನು ಕಾಡಿನ ಅಂಚಿಗೇ ನಿಲ್ಲಿಸದೆ ಸುತ್ತಲೂ ಸಾಕಷ್ಟು ಅಗಲವಾಗಿ ಚಾಚಿ. ಇಲ್ಲದಿದ್ದರೆ ಹೊರಗಿನಿಂದ ಸುತ್ತಿಬರುವ ದಾರಿಗಳು ಗಣನೆಗೆ ಬಾರದೆ, ಎಲ್ಲ ಓಡಾಟವೂ ನಡುವಿನಲ್ಲಿ ಕಿಕ್ಕಿರಿದಂತೆ ತೋರುತ್ತದೆ. ನೆಲದ ಬಳಕೆ, ಇಳಿಜಾರು, ನೀರಿನ ತಾಣ, ರಸ್ತೆ, ರೈಲುಮಾರ್ಗ, ಕಾಲುವೆ, ಬೇಲಿ, ಜನವಸತಿ ಇವೆಲ್ಲ ಬೇರೆಬೇರೆ ಪದರಗಳಾಗಿ ಬೇಕು. ಇಲ್ಲಿ ಹೊಸಬರು ಎಡವುವ ಒಂದು ಸಣ್ಣ ಜಾಗವಿದೆ. ನಕ್ಷೆಯನ್ನು ಚೌಕಗಳಾಗಿ ಒಡೆದಾಗ ಓರೆಯಾಗಿ ಸಾಗುವ ಕಾಲುವೆಯು ಮೂಲೆಗೆ ಮೂಲೆ ತಾಗಿದ ಚೌಕಗಳ ಸಾಲಾಗುತ್ತದೆ, ಮತ್ತು ಗಣಕವು ಓರೆ ಚಲನೆಯನ್ನೂ ಒಪ್ಪುವುದರಿಂದ ಆ ಎರಡು ಮೂಲೆಗಳ ನಡುವೆ ನುಸುಳಿ ಆಚೆ ದಾಟಿಬಿಡುತ್ತದೆ. ನೆಲದ ಮೇಲೆ ಆನೆಯೂ ದಾಟಲಾಗದ ಕಾಂಕ್ರೀಟ್ ಕಾಲುವೆ ನಕ್ಷೆಯಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಆದ್ದರಿಂದ ಇಂಥ ಗೆರೆಗಳನ್ನು ಎರಡು ಚೌಕದಷ್ಟು ದಪ್ಪ ಮಾಡಿ, ಪರದೆಯನ್ನು ಹಿಗ್ಗಿಸಿ, ಇಡೀ ಉದ್ದಕ್ಕೂ ಕಣ್ಣಾಡಿಸಿ. 30 ಮೀಟರ್ ಚೌಕಗಳನ್ನು 300 ಮೀಟರಿಗೆ ಹಿಗ್ಗಿಸುವಾಗಲೂ ಎಚ್ಚರ ಬೇಕು. ತೊರೆಯಂಚಿನ ಕಿರಿದಾದ ಮರಸಾಲು ಮೊದಲು ಮಾಯವಾಗುತ್ತದೆ, ಅನೇಕ ಪ್ರಾಣಿಗಳಿಗೆ ಉಳಿದಿರುವ ಆಸರೆ ಅದೊಂದೇ ಆಗಿದ್ದರೂ.

ಇನ್ನು ಪ್ರತಿರೋಧದ ಅಂಕಗಳ ವಿಷಯ. ಪ್ರತಿಯೊಂದು ಚೌಕವನ್ನು ದಾಟುವುದು ಪ್ರಾಣಿಗೆ ಎಷ್ಟು ಕಷ್ಟ ಎಂಬುದಕ್ಕೆ ಒಂದು ಅಂಕ ಕೊಡಬೇಕು. ದಟ್ಟ ಕಾಡಿಗೆ 1, ಹೆದ್ದಾರಿಗೆ 100 ಎಂಬಂತೆ. ಇಡೀ ಅಧ್ಯಯನ ನಿಲ್ಲುವುದೂ ಬೀಳುವುದೂ ಈ ಅಂಕಗಳ ಮೇಲೆ, ಹೀಗಾಗಿ ನನ್ನ ಮಟ್ಟಿಗೆ ಒಟ್ಟು ಸಮಯದ ಅರ್ಧವನ್ನಾದರೂ ಇದಕ್ಕೇ ಮೀಸಲಿಡಬೇಕು. ತಜ್ಞರನ್ನು ಕೇಳಿ ಅಂಕ ಕೊಡುವುದು ಸುಲಭ, ಆದರೆ ತಜ್ಞರು ಸಾಮಾನ್ಯವಾಗಿ ಪ್ರಾಣಿಯನ್ನು ಕಂಡಿರುವುದು ಅದು ನೆಲೆನಿಂತ ಜಾಗದಲ್ಲಿ. ಮೇಯುವಾಗ, ಮರಿ ಸಾಕುವಾಗ ಹೊಲದತ್ತ ಸುಳಿಯದ ಪ್ರಾಣಿಯೇ ಊರು ಬಿಟ್ಟು ಹೊರಟಾಗ ರಾತ್ರೋರಾತ್ರಿ ಅದೇ ಹೊಲವನ್ನು ದಾಟಿ ಹೋಗುತ್ತದೆ. ಆವಾಸಕ್ಕೆ ಒಗ್ಗುವ ಜಾಗದ ನಕ್ಷೆಯ ಅಂಕಗಳನ್ನು ತಲೆಕೆಳಗು ಮಾಡಿ, ಅದನ್ನೇ ಪ್ರತಿರೋಧದ ನಕ್ಷೆ ಎನ್ನುವ ರೂಢಿಯಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಇದ್ದ ಸಂಪರ್ಕವೂ ಕಡಿದುಹೋಗಿದೆ ಎಂಬ ತೀರ್ಮಾನಕ್ಕೆ ಬಂದು, ಉಳಿಸಬಹುದಾಗಿದ್ದ ದಾರಿಯನ್ನು ನಾವೇ ಕೈಬಿಟ್ಟುಬಿಡುವ ಅಪಾಯವಿದೆ.

ಪ್ರಾಣಿಯ ಕೊರಳಿಗೆ ಕಟ್ಟಿ ಅದರ ಜಾಡು ಹಿಡಿಯುವ ಜಿಪಿಎಸ್ ಕಾಲರ್‌ನ ದತ್ತಾಂಶ ಸಿಕ್ಕಿದರೆ ಅದನ್ನೇ ಆಧಾರವಾಗಿಸಿಕೊಳ್ಳಿ. ಪ್ರಾಣಿ ನಿಜವಾಗಿ ಇಟ್ಟ ಪ್ರತಿ ಹೆಜ್ಜೆಯನ್ನು, ಅದೇ ಬಿಂದುವಿನಿಂದ ಅದು ಇಡಬಹುದಾಗಿದ್ದ ಹಲವು ಕಾಲ್ಪನಿಕ ಹೆಜ್ಜೆಗಳೊಂದಿಗೆ ಹೋಲಿಸಿದರೆ ಯಾವ ನೆಲವನ್ನು ಅದು ಆರಿಸಿಕೊಂಡಿತು, ಯಾವುದನ್ನು ತಪ್ಪಿಸಿತು ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಕಾಲರ್ ಇಲ್ಲದಿದ್ದರೆ ಬೇರೆಬೇರೆ ಕಾಡುಗಳಲ್ಲಿ ಹೆಕ್ಕಿದ ಹಿಕ್ಕೆ ಅಥವಾ ಕೂದಲಿನ ಡಿಎನ್‌ಎ ನೆರವಾಗುತ್ತದೆ. ಆದರೆ ವಂಶವಾಹಿಗಳು ಹಲವು ತಲೆಮಾರುಗಳ ಹಿಂದಿನ ಭೂದೃಶ್ಯದ ಕತೆಯನ್ನೂ ಹೇಳುತ್ತವೆಯಾದ್ದರಿಂದ ನಿನ್ನೆ ಮೊನ್ನೆ ಬಂದ ರಸ್ತೆಯ ಪರಿಣಾಮವನ್ನು ಅವುಗಳಲ್ಲಿ ಹುಡುಕಬಾರದು. ತಜ್ಞರ ಅಭಿಪ್ರಾಯವೊಂದೇ ಗತಿಯಾದಾಗ ಅಂಕಗಳನ್ನು 1ರಿಂದ 10, 1ರಿಂದ 100, 1ರಿಂದ 1000 ಎಂದು ಬೇರೆಬೇರೆಯಾಗಿ ಕೊಟ್ಟು ಮತ್ತೆ ಮತ್ತೆ ಲೆಕ್ಕ ಹಾಕಿ. ಎಲ್ಲ ನಕ್ಷೆಗಳಲ್ಲೂ ಉಳಿದು ಬರುವ ದಾರಿಯನ್ನು ನಂಬಬಹುದು. ಒಂದರಲ್ಲಿ ಮಾತ್ರ ಕಾಣಿಸಿಕೊಳ್ಳುವ ದಾರಿಗಾಗಿ ಸರ್ಕಾರದ ಮುಂದೆ ವಾದ ಮಾಡಬಾರದು.

ಲೆಕ್ಕದ ವಿಧಾನಗಳಲ್ಲಿ ಕನಿಷ್ಠ ವೆಚ್ಚದ ಹಾದಿ, ಅಂದರೆ ಪ್ರತಿರೋಧದ ಅಂಕಗಳ ಮೊತ್ತ ಅತಿ ಕಡಿಮೆಯಾಗುವ ಹಾದಿಯನ್ನು ಹುಡುಕುವುದು, ಹಳೆಯದು ಮತ್ತು ಸರಳ, ಆದರೆ ಅದು ಪ್ರಾಣಿಗೆ ಇಡೀ ನಕ್ಷೆ ಗೊತ್ತಿದೆ ಎಂದು ಭಾವಿಸಿ ಒಂದೇ ಚೌಕದಷ್ಟು ಅಗಲದ ಗೆರೆ ಎಳೆಯುತ್ತದೆ. ಪರಿಸರ ವಿಜ್ಞಾನಿ ಬ್ರಾಡ್ ಮೆಕ್ರೇ 2006ರಿಂದೀಚೆಗೆ ಬೆಳೆಸಿದ ವಿದ್ಯುನ್ಮಂಡಲ ಸಿದ್ಧಾಂತದ ವಿಧಾನ ಹೊಸ ನೆಲದಲ್ಲಿ ತಡಕಾಡುತ್ತಾ ಸಾಗುವ ಪ್ರಾಣಿಗೆ ಹೆಚ್ಚು ಹೊಂದುತ್ತದೆ. ಎರಡು ಕಾಡುಗಳ ನಡುವೆ ವಿದ್ಯುತ್ ಹರಿಸಿದಂತೆ ಕಲ್ಪಿಸಿಕೊಂಡರೆ, ದಾರಿಗಳು ಹೆಚ್ಚಿದಷ್ಟೂ ಒಟ್ಟು ಪ್ರತಿರೋಧ ಕಡಿಮೆಯಾಗುತ್ತದೆ, ಮತ್ತು ಬೇರೆ ದಾರಿಯೇ ಇಲ್ಲದ ಇಕ್ಕಟ್ಟಿನಲ್ಲಿ ಪ್ರವಾಹ ಒತ್ತೊತ್ತಾಗಿ ಹರಿಯುತ್ತದೆ. ಸರ್ಕಿಟ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಈ ಲೆಕ್ಕ ಮಾಡಿಕೊಡುತ್ತದೆ. ನಕ್ಷೆಯಲ್ಲಿ ಕಣ್ಣು ಮೊದಲು ಹುಡುಕಬೇಕಾದದ್ದು ಆ ಇಕ್ಕಟ್ಟುಗಳನ್ನೇ, ಅಲ್ಲಿ ಒಂದು ಬಡಾವಣೆ ಎದ್ದರೆ ಬದಲಿ ದಾರಿ ಉಳಿಯುವುದಿಲ್ಲ. ಸಣ್ಣ ತುಣುಕುಗಳ ಬೆಲೆ ತಿಳಿಯಬೇಕಾದರೆ ಲೆಕ್ಕದಿಂದ ಒಂದೊಂದನ್ನೇ ತೆಗೆದು ಒಟ್ಟು ಸಂಪರ್ಕ ಎಷ್ಟು ಕುಸಿಯಿತು ಎಂದು ನೋಡಿ. ಯಾವ ಪ್ರಾಣಿಯೂ ಕಾಯಂ ಆಗಿ ನೆಲೆಸದ ಪುಟ್ಟ ಗುಡ್ಡವೊಂದು ಎರಡು ದೊಡ್ಡ ಕಾಡುಗಳ ನಡುವಿನ ತಂಗುದಾಣವಾಗಿ ಎಲ್ಲಕ್ಕಿಂತ ಮೇಲೆ ನಿಲ್ಲುವುದುಂಟು.

ಇಷ್ಟಾದರೂ ಕೈಯಲ್ಲಿರುವುದು ಒಂದು ಊಹೆ. ಅದನ್ನು ನೆಲದ ಮೇಲೆ ಪರೀಕ್ಷಿಸುವಾಗ ನಕ್ಷೆ ಹೌದೆಂದ ಜಾಗಗಳಿಗೆ ಮಾತ್ರ ಹೋದರೆ ಸಾಲದು, ಅಲ್ಲವೆಂದ ಜಾಗಗಳಿಗೂ ಅಷ್ಟೇ ಸಂಖ್ಯೆಯಲ್ಲಿ ಹೋಗಬೇಕು. ರಸ್ತೆಯಡಿಯ ಮೋರಿಯೊಂದನ್ನು ತೆಗೆದುಕೊಳ್ಳಿ. ಅದರ ಎರಡೂ ಬಾಯಿಗಳಲ್ಲಿ ಇಡೀ ಅಗಲಕ್ಕೆ ನುಣ್ಣನೆಯ ಮರಳುಮಣ್ಣನ್ನು ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಹಲುಬೆಯಿಂದ ಸಮ ಮಾಡಿ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಪ್ರತಿ ಹೆಜ್ಜೆಯ ಅಂಚಿನಲ್ಲೂ ನೆರಳಿದ್ದು ಓದಲು ಸುಲಭ. ಗೊರಸಿನ ಗುರುತು ಮರಳಿನ ಅರ್ಧದವರೆಗೆ ಬಂದು, ಅಲ್ಲೇ ಕೆದರಿ, ಬಂದ ದಿಕ್ಕಿಗೇ ತಿರುಗಿದ್ದರೆ ಅದು ದಾಟಿದ ಲೆಕ್ಕವಲ್ಲ, ಹಿಂಜರಿದ ಲೆಕ್ಕ. ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ, ಏಕೆಂದರೆ ಹಿಂಜರಿಕೆಯೇ ಆ ಮೋರಿ ಏಕೆ ಸೋಲುತ್ತಿದೆ ಎಂಬುದನ್ನು ಹೇಳುತ್ತದೆ. ಪ್ರಾಣಿ ಸುಳಿದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಡುವುದಾದರೂ ಎರಡೂ ತುದಿಗೆ ಇಟ್ಟು, ಗಡಿಯಾರಗಳನ್ನು ಒಂದೇ ಸಮಯಕ್ಕೆ ಹೊಂದಿಸಿ, ಗಾಳಿಗೆ ಅಲ್ಲಾಡುವ ಹುಲ್ಲನ್ನು ಮುಂದಿನಿಂದ ಸವರಿ ತೆಗೆಯಿರಿ.

ಸುತ್ತಲಿನ ಜನರೊಂದಿಗೆ ಮಾತನಾಡುವುದು ಕೂಡ ಪರೀಕ್ಷೆಯ ಭಾಗವೇ. ಯಾವ ತಿಂಗಳು, ಯಾವ ಬೇಲಿ ಮುರಿಯುತ್ತದೆ ಎಂಬುದು ಕುರಿ ಮೇಯಿಸುವವರಿಗೆ ಗೊತ್ತಿರುವಷ್ಟು ಉಪಗ್ರಹಕ್ಕೆ ಗೊತ್ತಿರುವುದಿಲ್ಲ, ಮತ್ತು ಮುಂದೆ ಆ ದಾರಿಯ ಭಾರವನ್ನು ಹೊರಬೇಕಾದವರೂ ಅವರೇ. ನಕ್ಷೆ ಪೂರ್ತಿಯಾದ ಮೇಲೆ ಸುದ್ದಿ ಮುಟ್ಟಿಸುವುದು ಅನ್ಯಾಯ. ಗೆರೆ ಎಳೆಯುವ ಮೊದಲೇ ಅವರನ್ನು ಕೂರಿಸಿಕೊಂಡು ಮಾತನಾಡಿ. ಬೇಟೆಗೆ ಗುರಿಯಾಗುವ ಪ್ರಾಣಿಗಳು ದಾಟುವ ನಿಖರ ಬಿಂದುಗಳನ್ನು ಮಾತ್ರ ಸಾರ್ವಜನಿಕ ವರದಿಯಲ್ಲಿ ಅಚ್ಚು ಮಾಡಬೇಡಿ.

ಶಿಫಾರಸು ಬರೆಯುವಾಗ ಅಳತೆ, ಆಕಾರ, ಅವಧಿ ಮೂರನ್ನೂ ಸ್ಪಷ್ಟವಾಗಿ ಹೇಳಿ. ಕೆನಡಾದ ಬಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಯುದ್ದಕ್ಕೂ ಬೇಲಿ ಹಾಕಿ, 6 ಮೇಲ್ಸೇತುವೆ ಮತ್ತು 38 ಕೆಳದಾರಿಗಳನ್ನು ಕಟ್ಟಿದ ಮೇಲೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದು ಶೇ. 80ಕ್ಕೂ ಹೆಚ್ಚು ತಗ್ಗಿತು. ಬೇಲಿಯಿಲ್ಲದೆ ಸೇತುವೆಯೊಂದನ್ನೇ ಕೇಳಿದರೆ ಇಂಥ ಫಲ ಸಿಗುವುದು ಕಷ್ಟ. ಗ್ರಿಜ್ಲಿ ಕರಡಿ, ತೋಳ, ಜಿಂಕೆಗಳು ಅಗಲವಾದ, ಎತ್ತರದ, ಗಿಡ್ಡ ಉದ್ದದ ದಾಟುದಾರಿಗಳನ್ನು ಮೆಚ್ಚಿದರೆ, ಪೂಮಾ ಮತ್ತು ಕಪ್ಪು ಕರಡಿಗಳು ಕಿರಿದಾದ ಸುರಂಗದಂಥವನ್ನು ಆರಿಸಿಕೊಂಡವು; ಆದ್ದರಿಂದ ಒಂದೇ ನಮೂನೆಯ ಹತ್ತು ಕಟ್ಟುವುದಕ್ಕಿಂತ ಬಗೆಬಗೆಯ ಐದು ಕಟ್ಟುವುದು ಲೇಸು ಎಂಬುದು ನನ್ನ ನಿಲುವು. ಅವಧಿಯ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಬಾನ್ಫ್‌ನ ಗ್ರಿಜ್ಲಿಗಳು ಮೇಲ್ಸೇತುವೆಗಳಿಗೆ ಒಗ್ಗಿಕೊಳ್ಳಲು ಸುಮಾರು 5 ವರ್ಷ ಹಿಡಿಯಿತು. ಎರಡನೆಯ ವರ್ಷಕ್ಕೇ ಹಣ ಮುಗಿಯಿತೆಂದು ಕ್ಯಾಮೆರಾಗಳನ್ನು ಕಿತ್ತಿದ್ದರೆ, ಕರಡಿಗಳು ಅವನ್ನು ಬಳಸುವುದಿಲ್ಲ ಎಂದೇ ವರದಿಯಲ್ಲಿ ದಾಖಲಾಗುತ್ತಿತ್ತು.