ತಲೆಯೊಳಗೆ ರಕ್ತ ಸೋರಿದ್ದೇಕೆ? ಸ್ಕ್ಯಾನ್‌ನಲ್ಲಿ ಕಾರಣ ಹುಡುಕುವುದು ಹೀಗೆ

‘ಬಿಪಿ ಜಾಸ್ತಿ ಆಗಿ ತಲೆಯಲ್ಲಿ ನರ ಒಡೆದಿದೆಯಂತೆ.’ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ನಿಂತವರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಒಡೆದದ್ದು ರಕ್ತನಾಳ. ರೂಢಿಯಲ್ಲಿ ಅದನ್ನೂ ನರ ಅಂತಲೇ ಕರೆಯುತ್ತೇವೆ, ಇರಲಿ. ನನಗೆ ಚಿಂತೆ ಹತ್ತುವುದು ಆ ಮಾತಿನ ಮೊದಲ ಭಾಗ ಕೇಳಿದಾಗ. ಬಿಪಿಯಿಂದಲೇ ಒಡೆಯಿತು ಅಂತ ಹೇಗೆ ಗೊತ್ತಾಯಿತು? ಮೆದುಳಿನಲ್ಲಿ ರಕ್ತ ಸೋರಿದಾಗ, ಅಲ್ಲಿಯವರೆಗೆ ಬಿಪಿ ಸರಿಯಾಗಿದ್ದವರಿಗೂ ಅದು ಏರುತ್ತದೆ. ಆಸ್ಪತ್ರೆಗೆ ಬಂದಾಗ ಮೀಟರ್ 200 ತೋರಿಸಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ.

ರಕ್ತಸ್ರಾವಕ್ಕೆ ಹತ್ತಾರು ಕಾರಣಗಳಿವೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಅದಕ್ಕೇ ವೈದ್ಯರು ಒಂದರ ಹಿಂದೆ ಒಂದು ಸ್ಕ್ಯಾನ್ ಬರೆಯುತ್ತಾರೆ. ಯಾವುದರಲ್ಲಿ ಏನು ಹುಡುಕುತ್ತಾರೆ, ಮನೆಯವರಾಗಿ ನೀವು ಏನು ಕೇಳಬೇಕು ಅಂತ ನೋಡೋಣ.

ಸ್ಕ್ಯಾನ್ ರೂಮಿಗೆ ಹೋಗುವ ಮೊದಲು

ಒಂದು ಕಡೆಯ ಕೈಕಾಲು ಬಿದ್ದುಹೋದರೆ, ಮಾತು ತೊದಲಿದರೆ, ಸಿಡಿಲು ಬಡಿದಂಥ ತಲೆನೋವು ಬಂದರೆ 108ಕ್ಕೆ ಫೋನ್ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ದಾರಿಯಲ್ಲಿ ಆಸ್ಪಿರಿನ್ ಮಾತ್ರೆ ಕೊಡಬೇಡಿ. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಅಂತ ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ವೈದ್ಯರಿಗೂ ಆಗದು. ರೋಗಿ ನುಂಗುತ್ತಿದ್ದ ಮಾತ್ರೆಗಳ ಶೀಟನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳಿ. ಹೃದಯದ ವಾಲ್ವ್ ಬದಲಿಸಿಕೊಂಡವರು ವಾರ್ಫರಿನ್, ಅಸಿಟ್ರೋಮ್ ತರಹದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುತ್ತಾರೆ. ಅದು ಗೊತ್ತಾದರೆ ಪರಿಣಾಮ ಇಳಿಸುವ ಔಷಧವನ್ನು ಕೂಡಲೇ ಶುರು ಮಾಡಬಹುದು.

ಮೊದಲು ಪ್ಲೇನ್ ಸಿ.ಟಿ.

ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಡೈ ಏನೂ ಹಾಕದ ಸಾದಾ ಸಿ.ಟಿ. ಇದು. ಮಲಗಿಸಿ ತೆಗೆಯುವುದಕ್ಕೆ ಕೆಲವೇ ನಿಮಿಷ ಸಾಕು. ಹೊಸದಾಗಿ ಸೋರಿ ಹೆಪ್ಪುಗಟ್ಟಿದ ರಕ್ತ ಇದರಲ್ಲಿ ಬೆಳ್ಳಗೆ ಕಾಣುತ್ತದೆ, ಮೆದುಳು ಬೂದು ಬಣ್ಣದಲ್ಲಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಿತು. ಅದಕ್ಕೆ ಮೊದಲು ತಲೆಬುರುಡೆಯೊಳಗಿನ ರಕ್ತವನ್ನು ಹೀಗೆ ನೇರವಾಗಿ ಕಾಣುವ ದಾರಿಯೇ ಇರಲಿಲ್ಲ.

ಎಷ್ಟು ರಕ್ತ ಸೋರಿದೆ ಅನ್ನುವುದನ್ನು ಸ್ಕ್ರೀನ್ ಮೇಲೆಯೇ ಅಳೆಯುತ್ತಾರೆ. ಉದ್ದ 5 ಸೆಂ.ಮೀ., ಅಗಲ 4, ಎತ್ತರ 3 ಅಂತಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 60, ಅರ್ಧ ಮಾಡಿದರೆ 30 ಮಿ.ಲೀ. ಅಂದರೆ ಎರಡು ದೊಡ್ಡ ಚಮಚದಷ್ಟು. ಮೆದುಳಿಗೆ ಅಷ್ಟು ಸೋರಿದರೂ ಗಂಡಾಂತರವೇ.

ಎಲ್ಲಿ ಸೋರಿದೆ ನೋಡಿ

ಕಾರಣದ ಮೊದಲ ಸುಳಿವು ಜಾಗದಲ್ಲೇ ಇರುತ್ತದೆ. ಮನೆಯವರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನೋಡಿ, ತಪ್ಪೇನಿಲ್ಲ. ಒಂದು ವಿಷಯ ನೆನಪಿರಲಿ: ಫಿಲ್ಮಿನಲ್ಲಿ ನಿಮ್ಮ ಎಡಕ್ಕೆ ಕಾಣುವುದು ರೋಗಿಯ ಬಲಭಾಗ. ರೋಗಿಯ ಪಾದದ ಕಡೆ ನಿಂತು ನೋಡಿದಂತೆ ಅದು.

ಬಿಳಿ ಮಚ್ಚೆ ಮೆದುಳಿನ ನಡುವಿನಲ್ಲಿ, ಆಳದಲ್ಲಿದ್ದರೆ ಬಿಪಿ ಮೇಲೆ ಅನುಮಾನ ಜಾಸ್ತಿ. ರಿಪೋರ್ಟಿನಲ್ಲಿ ‘ಕ್ಯಾಪ್ಸುಲೋಗ್ಯಾಂಗ್ಲಿಯಾನಿಕ್ ಬ್ಲೀಡ್’ ಅಂತಲೋ ‘ಥಲಾಮಿಕ್ ಬ್ಲೀಡ್’ ಅಂತಲೋ ಬರೆದಿರುತ್ತಾರೆ. ಆ ಜಾಗಕ್ಕೆ ಹೋಗುವ ರಕ್ತನಾಳಗಳು ದಾರದೆಳೆಯಷ್ಟು ಸಣ್ಣವು, ದೊಡ್ಡ ನಾಳದಿಂದ ನೇರವಾಗಿ ಕವಲೊಡೆದವು. ವರ್ಷಗಟ್ಟಲೆ ಏರಿದ ಬಿಪಿ ಅವುಗಳ ಗೋಡೆಯನ್ನು ಸವೆಸಿರುತ್ತದೆ. ಹಳೆಯ ಬಿಪಿ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿಯೂ ಬೇಕು. ಎಕೋದಲ್ಲಿ ಹೃದಯದ ಗೋಡೆ ದಪ್ಪಗಾಗಿದೆಯಾ, ಕಿಡ್ನಿ ಹೇಗಿದೆ ಅಂತ ನೋಡುವುದು ಅದಕ್ಕೇ.

ಮಚ್ಚೆ ಮೆದುಳಿನ ಹೊರ ಅಂಚಿನ ಹತ್ತಿರವಿದ್ದರೆ ಕಥೆ ಬೇರೆಯಾಗುತ್ತದೆ. ವಯಸ್ಸಾದವರಲ್ಲಾದರೆ ಅಮೈಲಾಯ್ಡ್ ಅನ್ನುವ ಪ್ರೋಟೀನು ರಕ್ತನಾಳದ ಗೋಡೆಯಲ್ಲಿ ಕೂತು ಅದನ್ನು ಪೆಡಸು ಮಾಡಿರಬಹುದು. ಚಿಕ್ಕ ವಯಸ್ಸಿನವರಲ್ಲಾದರೆ ಹುಟ್ಟಿನಿಂದ ಬಂದ ನಾಳಗಳ ಗೋಜಲು ಇರಬಹುದು.

ರಕ್ತ ಮೆದುಳಿನ ಒಳಗಲ್ಲದೆ ಅದರ ಸುತ್ತಲಿನ ಸಂದುಗಳಲ್ಲಿ, ತಳಭಾಗದಲ್ಲಿ ನಕ್ಷತ್ರದ ಹಾಗೆ ಹರಡಿದ್ದರೆ ದೊಡ್ಡ ರಕ್ತನಾಳದ ಗುಳ್ಳೆ ಒಡೆದಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಅನ್ಯೂರಿಸಂ ಅಂತಾರೆ. ಇದರಲ್ಲಿ ತಡ ಮಾಡುವಂತಿಲ್ಲ. ಒಡೆದ ಗುಳ್ಳೆ ಮತ್ತೆ ಒಡೆಯಬಹುದು. ದಿನ ಕಳೆದಂತೆ ರಕ್ತ ಕರಗಿ ಸಿ.ಟಿ.ಯಲ್ಲಿ ಕಾಣದೆಯೂ ಹೋಗಬಹುದು. ಆಗ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕಾಗುತ್ತದೆ.

ಡೈ ಹಾಕಿ ನಾಳಗಳನ್ನು ನೋಡುವುದು

ಮುಂದಿನದು ಸಿ.ಟಿ. ಆಂಜಿಯೋಗ್ರಾಮ್. ಕೈಯ ನರಕ್ಕೆ ಅಯೋಡಿನ್ ಇರುವ ಡೈ ಚುಚ್ಚುತ್ತಾರೆ. ಮೈ ಒಮ್ಮೆ ಬೆಚ್ಚಗಾದಂತೆ ಅನ್ನಿಸುತ್ತದೆ, ಗಾಬರಿ ಬೇಡ. ಕಿಡ್ನಿ ತೊಂದರೆ, ಹಿಂದೆ ಡೈಗೆ ಅಲರ್ಜಿ, ಬಸಿರು ಇದ್ದರೆ ಮೊದಲೇ ಹೇಳಿ. ಗುಳ್ಳೆ, ಗೋಜಲು ಇಂಥವು ಇದರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಹೆಪ್ಪಿನ ಮಧ್ಯೆ ಡೈ ಚುಕ್ಕೆಯಾಗಿ ಹೊಳೆದರೆ ರಕ್ತ ಇನ್ನೂ ಸೋರುತ್ತಿರುವ ಸಂಭವ ಇದೆ.

ನಡುವಯಸ್ಸು ದಾಟಿದ, ಹಳೆಯ ಬಿಪಿ ಇರುವ, ಆಳದಲ್ಲೇ ಸೋರಿದ ರೋಗಿಯಲ್ಲಿ ಇಂಥ ಗೋಜಲು ಸಿಗುವ ಸಾಧ್ಯತೆ ಕಡಿಮೆ. ಉಳಿದವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಈ ಸ್ಕ್ಯಾನ್ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾಣಂತಿಗೆ ಬಿಡದ ತಲೆನೋವು ಬಂದರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇದು ನಮ್ಮ ಮನೆಗಳ ವಿಷಯ. ಹೆರಿಗೆಯಾಗಿ ತವರಿನಲ್ಲಿರುವ ಹುಡುಗಿ. ನಾಲ್ಕು ದಿನದಿಂದ ತಲೆನೋವು, ವಾಂತಿ. ಐದನೇ ದಿನ ಫಿಟ್ಸ್ ಬರುತ್ತದೆ. ಸಿ.ಟಿ.ಯಲ್ಲಿ ನೆತ್ತಿಯ ಹತ್ತಿರ ಎರಡೂ ಕಡೆ ರಕ್ತ. ಬಿಪಿ ಸುಮಾರಾಗಿ ಸರಿಯಾಗೇ ಇದೆ.

ಇಲ್ಲಿ ತೊಂದರೆ ಆಗಿರುವುದು ಮೆದುಳಿಗೆ ರಕ್ತ ತರುವ ನಾಳದಲ್ಲಲ್ಲ, ವಾಪಸ್ ಒಯ್ಯುವ ನಾಳದಲ್ಲಿ. ಗಟಾರ ಕಟ್ಟಿಕೊಂಡರೆ ನೀರು ಹಿಂದಕ್ಕೆ ಉಕ್ಕುತ್ತದೆ ಅಲ್ವಾ, ಹಾಗೆ. ಒಯ್ಯುವ ನಾಳದಲ್ಲಿ ಹೆಪ್ಪು ಕೂತು, ಹಿಂದಿನ ಒತ್ತಡ ತಡೆಯಲಾರದೆ ರಕ್ತ ಸೋರಿದೆ. ಹೆರಿಗೆಯ ಹೊತ್ತಿಗೆ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವ ಪಡೆದಿರುತ್ತದೆ. ಅದರ ಮೇಲೆ ರಕ್ತಹೀನತೆ, ಸಾಲದ್ದಕ್ಕೆ ‘ನಂಜಾಗುತ್ತೆ’ ಅಂತ ಬಾಣಂತಿಗೆ ನೀರನ್ನೇ ಕೊಡದಿರುವುದು. ದಯವಿಟ್ಟು ನೀರು ಕೊಡಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ.

ಇದನ್ನು ಹಿಡಿಯುವ ಸ್ಕ್ಯಾನ್ ವೆನೋಗ್ರಾಮ್. ಸಿ.ಟಿ.ಯಲ್ಲೂ ಮಾಡಬಹುದು, ಎಂ.ಆರ್.ಐ.ನಲ್ಲೂ ಮಾಡಬಹುದು. ಸಾದಾ ಸಿ.ಟಿ. ನೋಡಿ ಸುಮ್ಮನಾದರೆ ಇದು ತಪ್ಪಿಹೋಗಬಹುದು. ಕಾರಣ ಖಚಿತವಾದರೆ ಚಿಕಿತ್ಸೆ ಹೆಪಾರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ತಲೆಯೊಳಗೆ ರಕ್ತ ಸೋರಿರುವಾಗಲೂ ಅದನ್ನೇ ಕೊಡುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಜೀವ ಉಳಿಸುವುದು ಅದೇ. ಹೆರಿಗೆಯಾದವರು, ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ಇದ್ದರೆ ‘ವೆನೋಗ್ರಾಮ್ ಆಗಿದೆಯಾ ಡಾಕ್ಟ್ರೇ?’ ಅಂತ ಸಂಕೋಚವಿಲ್ಲದೆ ಕೇಳಿ.

ಎಂ.ಆರ್.ಐ.ನ ಕಪ್ಪು ಚುಕ್ಕೆಗಳು

ರೋಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಎಂ.ಆರ್.ಐ. ಮಾಡಿಸುವುದು ಸಾಮಾನ್ಯ. ಸೋರಿದ ರಕ್ತ ಕರಗಿದರೂ ಅದರ ಕಬ್ಬಿಣದ ಅಂಶ ಮೆದುಳಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗೋಡೆ ಮೇಲಿನ ತುಕ್ಕಿನ ಕಲೆಯ ಹಾಗೆ. ಎಸ್‌.ಡಬ್ಲ್ಯು.ಐ. ಅನ್ನುವ ವಿಶೇಷ ಚಿತ್ರದಲ್ಲಿ ಆ ಕಲೆಗಳು ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ರೋಗಿಗೆ ಗೊತ್ತೇ ಆಗದಂತೆ ಹಿಂದೆ ಎಂದೋ ಸೋರಿದ ಹನಿಗಳು ಅವು.

ಚುಕ್ಕೆಗಳು ಆಳದಲ್ಲಿದ್ದರೆ ಬಿಪಿ ಕಡೆಗೆ ಬೊಟ್ಟು ಮಾಡುತ್ತವೆ. ಹೊರ ಅಂಚಿನಲ್ಲಷ್ಟೇ ಇದ್ದರೆ ಅಮೈಲಾಯ್ಡ್ ಕಡೆಗೆ. ಅಮೈಲಾಯ್ಡ್ ಇದ್ದವರಿಗೆ ಮತ್ತೆ ಸೋರುವ ಭಯ ಹೆಚ್ಚು. ಅವರಿಗೆ ಹೃದಯಕ್ಕೆಂದು ಆಸ್ಪಿರಿನ್ ಮುಂದುವರಿಸಬೇಕೇ ಅನ್ನುವುದನ್ನು ತೂಗಿ ನೋಡಿಯೇ ಹೇಳಬೇಕು. ಗಡ್ಡೆಯೊಳಗೆ ರಕ್ತ ಸೋರಿದ್ದರೆ, ಕ್ಯಾವರ್ನೋಮಾ ಅನ್ನುವ ಪುಟ್ಟ ರಕ್ತದ ಗೊಂಚಲಿದ್ದರೆ, ಅದನ್ನೂ ಹಿಡಿಯುವುದು ಎಂ.ಆರ್.ಐ.ಯೇ. ಪೇಸ್‌ಮೇಕರ್ ಅಥವಾ ದೇಹದಲ್ಲಿ ಬೇರೆ ಲೋಹ ಇದ್ದರೆ ಒಳಗೆ ಹೋಗುವ ಮೊದಲೇ ತಿಳಿಸಿ.

ಇಷ್ಟಾದರೂ ಸಿಗದಿದ್ದರೆ

ಆಗ ಡಿ.ಎಸ್.ಎ. ತೊಡೆಸಂದಿನಿಂದ ಇಲ್ಲವೇ ಮಣಿಕಟ್ಟಿನಿಂದ ತೆಳು ಕೊಳವೆಯನ್ನು ಕತ್ತಿನ ರಕ್ತನಾಳದವರೆಗೆ ತಂದು, ಡೈ ಬಿಟ್ಟು, ಅದು ಹರಿಯುವುದನ್ನು ಚಲಿಸುವ ಚಿತ್ರವಾಗಿ ನೋಡುತ್ತಾರೆ. ಇದರ ಮೂಲ ರೂಪವನ್ನು 1927ರಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಜ್ ಶುರು ಮಾಡಿದರು. ಡೈ ಹೋಗಬೇಕಾದ ಸಮಯಕ್ಕಿಂತ ಮೊದಲೇ ವಾಪಸ್ ಒಯ್ಯುವ ನಾಳದಲ್ಲಿ ಕಂಡುಬಿಟ್ಟರೆ, ಎಲ್ಲೋ ನಡುವೆ ಅಡ್ಡದಾರಿ ಇದೆ ಅಂತ ಅರ್ಥ. ಒಂದು ಕ್ಷಣದ ಆ ಹರಿವು ನಿಂತ ಚಿತ್ರದಲ್ಲಿ ಕಾಣದೆ ಹೋಗಬಹುದು. ಸಣ್ಣ ಪ್ರಮಾಣದ ಅಪಾಯವಿದೆ, ಆದ್ದರಿಂದ ಎಲ್ಲರಿಗೂ ಮಾಡುವುದಿಲ್ಲ.

ಇದರಲ್ಲೂ ಏನೂ ಕಾಣದಿದ್ದರೆ ಹುಡುಕಾಟ ಮುಗಿಯಿತು ಅಂದುಕೊಳ್ಳಬೇಡಿ. ದೊಡ್ಡ ಹೆಪ್ಪು ಪಕ್ಕದ ಸಣ್ಣ ಗೋಜಲನ್ನು ಒತ್ತಿ ಮುಚ್ಚಿಟ್ಟಿರಬಹುದು. ಎರಡು ಮೂರು ತಿಂಗಳಲ್ಲಿ ಹೆಪ್ಪು ಕರಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರೆ ಆಗ ಕಾಣಬಹುದು. ರೋಗಿ ಎದ್ದು ಓಡಾಡುತ್ತಿದ್ದಾರೆ ಅಂತ ಎಷ್ಟೋ ಮನೆಯವರು ಈ ಎರಡನೇ ಸ್ಕ್ಯಾನ್‌ಗೆ ಬರುವುದೇ ಇಲ್ಲ. ಡಿಸ್ಚಾರ್ಜ್ ದಿನ ಅದರ ತಾರೀಕನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಫಿಲ್ಮಿನ ಜೊತೆ ಸಿ.ಡಿ.ಯನ್ನೂ ಕೇಳಿ ತಗೊಳ್ಳಿ. ಫಿಲ್ಮಿನಲ್ಲಿ ಆಯ್ದ ಚಿತ್ರಗಳು ಮಾತ್ರ ಇರಬಹುದು, ಸಿ.ಡಿ.ಯಲ್ಲಿ ಪೂರ್ತಿ ಇರುತ್ತದೆ. ಮುಂದಿನ ಸಲ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಅದೇ ಬೇಕು.