ಹಿತ್ತಲಲ್ಲಿ ಕಪ್ಪೆಹೊಂಡ, ಬದಿಗೆ ಬಸಳೆ

ಹೊಂಡ ತೋಡಲು ಮೇ ತಿಂಗಳೇ ಸರಿ. ಮಳೆ ಹಿಡಿದ ಮೇಲೆ ಅಂಚು ಕುಸಿಯುತ್ತದೆ. ಜಾಗ ತುಸು ಎತ್ತರದಲ್ಲಿರಲಿ. ಕಾರವಾರ, ಕುಮಟಾ ಕಡೆ ತಗ್ಗಿನಲ್ಲಿ ತೋಡಿದರೆ ಜುಲೈನಲ್ಲಿ ಅಡಿಯಿಂದ ಒರತೆ ಎದ್ದು, ನೀರು ನಿಲ್ಲಲು ಹೊಂಡಕ್ಕೆ ಹಾಸಿದ ಹಾಳೆಯನ್ನೇ ಮೇಲೆತ್ತುತ್ತದೆ.

2 ಮೀಟರ್ ಉದ್ದ, 1.5 ಮೀಟರ್ ಅಗಲ, ನಡುವೆ 45 ಸೆಂ.ಮೀ. ಆಳ ಸಾಕು. ಒಂದು ಬದಿ ಇಳಿಜಾರಿರಲೇಬೇಕು, ಇಲ್ಲದಿದ್ದರೆ ಬಿದ್ದ ಅಳಿಲು ಹತ್ತಲಾರದೆ ಸಾಯುತ್ತದೆ. ಚೂಪುಗಲ್ಲು ಆರಿಸುವುದು ಮಕ್ಕಳ ಕೆಲಸ. ಬಳಿಕ 5 ಸೆಂ.ಮೀ. ಮರಳು, ಹಳೇ ಗೋಣಿ, ಅದರ ಮೇಲೆ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಉದ್ದ, ಅಗಲ ಎರಡಕ್ಕೂ ಆಳದ ಇಮ್ಮಡಿ ಮತ್ತು 60 ಸೆಂ.ಮೀ. ಸೇರಿಸಿ: ಈ ಹೊಂಡಕ್ಕೆ 3.5 × 3 ಮೀಟರ್. ಅಂಚನ್ನು ಕಲ್ಲಿಟ್ಟು ಮುಚ್ಚಿ; ಬಿಸಿಲು ತಾಗಿದರೆ ಮೊದಲು ಸೀಳುವುದು ಅಲ್ಲೇ. ಉಕ್ಕಿದ ನೀರು ಬಾಳೆಬುಡಕ್ಕೆ ಹೋಗುವಂತೆ ಒಂದು ಕಡೆ ತಗ್ಗಿಸಿ.

ಮೀನು ಬಿಡಬೇಡಿ, ಕಪ್ಪೆಮೊಟ್ಟೆ ಉಳಿಯುವುದಿಲ್ಲ. ಸೊಳ್ಳೆಮರಿಗಳನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳು ತಿನ್ನುತ್ತವೆ. ಅವು ಬರುವವರೆಗೆ ದಿನಾ ಚಹಾ ಸೋಸುವ ಜರಡಿಯಲ್ಲಿ ಎತ್ತಿ. ನೈದಿಲೆ, ಬಜೆ ನೆಡಿ. ಅಂತರಗಂಗೆ ಮಾತ್ರ ಬೇಡವೇ ಬೇಡ.

ಬಸಳೆಯ ಒಂದು ಗೇಣಿನ ದಂಟನ್ನು ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಓರೆಯಾಗಿ ಊರಿ ಚಪ್ಪರಕ್ಕೆ ಹಬ್ಬಿಸಿ. ಮಕ್ಕಳ ಕೈಗೆ ಇದಕ್ಕಿಂತ ಸುಲಭದ ಬೆಳೆಯಿಲ್ಲ. ತಂಬುಳಿಯ ಒಂದೆಲಗವನ್ನು ಹಸಿಯಾಗಿ ಅರೆಯುವುದರಿಂದ ಹೊಂಡದ ನೀರು ತಾಗದ ಕುಂಡದಲ್ಲಿಡಿ, ಬಾವಿನೀರು ಹಾಕಿ. ಇಲಿಮೂತ್ರ ಬೆರೆತ ನೀರಿನಿಂದ ತಗಲುವ ಇಲಿಜ್ವರದ ಭಯವಿರುವ ಊರು ನಮ್ಮದು. ಗಾಯವಿದ್ದರೆ ಹೊಂಡಕ್ಕೆ ಕೈ ಹಾಕಿಸಬೇಡಿ.

ಚಿಕ್ಕ ಮಕ್ಕಳಿದ್ದರೆ ಮೇಲೆ ಗಟ್ಟಿ ಕಬ್ಬಿಣದ ಜಾಳಿಗೆ ಕೂರಿಸಿ. ಜಾಳಿಗೆಯಿದ್ದರೂ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.